ಹಿಂದಿನ ಚಕ್ರ ಚರಂಡಿ ಕಟ್ಟೆಗೆ ಬಡಿದಿದೆ, ಅಲೈನ್‌ಮೆಂಟ್ ಒಂದೇ ಸಾಕಾ?

ಪ್ರಶ್ನೆ (ಸುಂಟಿಕೊಪ್ಪದಿಂದ):

ಅಣ್ಣಾ, ನಮಸ್ಕಾರ. ನನ್ನದು 2012ರ ಆಡಿ ಟಿಟಿ, ಎರಡು ಲೀಟರ್ ಪೆಟ್ರೋಲ್, ಕ್ವಾಟ್ರೊ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೋದ ಶನಿವಾರ ರಾತ್ರಿ ಮಡಿಕೇರಿಯಿಂದ ಇಳಿದು ಬರುವಾಗ ಬೋಯಿಕೇರಿ ಹತ್ತಿರ ಮಳೆ, ಮಂಜು ಎರಡೂ ಇತ್ತು. ತಿರುವಿನಲ್ಲಿ ತೋಟದಿಂದ ಕೆಮ್ಮಣ್ಣು ಹರಿದು ರಸ್ತೆಗೆ ಬಂದಿತ್ತು. ಹಿಂಭಾಗ ಜಾರಿತು. ಎಡಗಡೆ ಹಿಂದಿನ ಚಕ್ರ ಚರಂಡಿಯ ಕಾಂಕ್ರೀಟ್ ಕಟ್ಟೆಗೆ ಅಡ್ಡಡ್ಡವಾಗಿ ಬಡಿಯಿತು. ನಮಗೆ ಯಾರಿಗೂ ಏನೂ ಆಗಲಿಲ್ಲ.

ಮೆಲ್ಲಗೆ ಓಡಿಸಿಕೊಂಡು ಮನೆಗೆ ಬಂದೆ. ನೇರ ಹೋಗಬೇಕಾದರೆ ಸ್ಟಿಯರಿಂಗ್ ಎಡಕ್ಕೆ ಹಿಡಿದುಕೊಳ್ಳಬೇಕು. ಹಿಂದಿನಿಂದ ನೋಡಿದರೆ ಆ ಚಕ್ರದ ತಲೆ ಹೊರಗೆ ವಾಲಿದೆ. 40 ದಾಟಿದರೆ ಗುಂಯ್ ಅಂತ ಸದ್ದು. ಇಲ್ಲಿ ಒಬ್ಬರು ನೋಡಿ, ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆ ಅಂದರು. ಇನ್ನೊಬ್ಬರು ಚಕ್ರವನ್ನು ಹಿಡಿದಿರುವ ಆರ್ಮ್ ಬಿಚ್ಚಿ ಕಾಯಿಸಿ ನೇರ ಮಾಡೋಣ ಅಂದರು. ಯಾವುದು ಸರಿ?

ಉತ್ತರ (ಕುಶಾಲನಗರದ ಮೆಕ್ಯಾನಿಕ್):

ಮೊದಲು ಒಂದು ಮಾತು. ಆ ಗಾಡಿಯನ್ನು ಇನ್ನು ಓಡಿಸಬೇಡಿ. ಆನೆಕಾಡು ದಾಟಿ ನನ್ನ ಶೆಡ್‌ವರೆಗೂ ಬೇಡ. ಫ್ಲ್ಯಾಟ್‌ಬೆಡ್ ಮೇಲೆ, ಅಂದರೆ ನಾಲ್ಕೂ ಚಕ್ರ ಮೇಲಿಟ್ಟು ಒಯ್ಯುವ ಲಾರಿ ಮೇಲೆ ಹಾಕಿಸಿ. ನಿಮ್ಮದು ಕ್ವಾಟ್ರೊ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುತ್ತದೆ. ಎರಡು ಚಕ್ರ ಎತ್ತಿ, ಎರಡು ನೆಲದ ಮೇಲೆ ಉರುಳಿಸಿಕೊಂಡು ಎಳೆದರೆ ಒಳಗಿನ ಕ್ಲಚ್, ಗೇರು ಹಾಳಾಗಬಹುದು.

ನೀವು ಬರೆದ ಮೂರು ಲಕ್ಷಣದಲ್ಲೇ ಅರ್ಧ ಉತ್ತರ ಇದೆ. ಚಕ್ರದ ತಲೆ ಹೊರಗೆ ಬಂದಿದೆ ಅಂದರೆ ಬುಡ ಒಳಗೆ ಹೋಗಿದೆ. ಅಂದರೆ ಕೆಳಗಿನ ಆರ್ಮ್ ಮಡಚಿದೆ. ಸ್ಟಿಯರಿಂಗ್ ಎಡಕ್ಕೆ ಹಿಡಿಯಬೇಕು ಅಂದರೆ ಆ ಚಕ್ರದ ಮೂತಿ ಎಡಕ್ಕೆ, ಹೊರಕ್ಕೆ ತಿರುಗಿದೆ. ಹಿಂದಿನ ಚಕ್ರ ಎಡಕ್ಕೆ ಎಳೆಯುತ್ತದೆ, ಗಾಡಿಯ ಮೂಗು ಬಲಕ್ಕೆ ಹೋಗುತ್ತದೆ, ಅದನ್ನು ನೀವು ಸ್ಟಿಯರಿಂಗ್‌ನಿಂದ ಸರಿ ಮಾಡುತ್ತಾ ಬಂದಿದ್ದೀರಿ. ಗಾಡಿ ಏಡಿ ತರಹ ಓರೆಯಾಗಿ ನಡೆಯುತ್ತಿದೆ. ಒಣ ರಸ್ತೆಯಲ್ಲಿ ಇದು ಬರೀ ಕಿರಿಕಿರಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಯಾವಾಗ ಕೈಬಿಡುತ್ತದೋ ಗೊತ್ತಾಗುವುದಿಲ್ಲ. ಮೂರನೆಯದು ಗುಂಯ್ ಸದ್ದು, ಅದು ಬೇರಿಂಗ್. ಪೆಟ್ಟು ಬಿದ್ದಾಗ ಬೇರಿಂಗ್ ಒಳಗಿನ ಗುಂಡುಗಳು ತಮ್ಮ ದಾರಿಯಲ್ಲಿ ಸಣ್ಣ ಕುಳಿ ಮಾಡಿಬಿಡುತ್ತವೆ. ಆಮೇಲೆ ಎಷ್ಟು ಗ್ರೀಸ್ ಹಾಕಿದರೂ ಸುಮ್ನೆ.

ಈಗ ಅಲೈನ್‌ಮೆಂಟ್ ವಿಷಯ. ನಿಮ್ಮ ಗಾಡಿಯಲ್ಲಿ ಹಿಂದೆ ಒಂದೊಂದು ಬದಿಗೆ ನಾಲ್ಕು ಕೊಂಡಿ ಇವೆ. ಉದ್ದಕ್ಕೆ ಹೋಗುವ ಟ್ರೈಲಿಂಗ್ ಆರ್ಮ್, ಮೇಲಿನ ಆರ್ಮ್, ಸ್ಪ್ರಿಂಗ್ ಕೂರುವ ಕೆಳಗಿನ ಅಗಲದ ಆರ್ಮ್, ಜೊತೆಗೆ ಒಂದು ಟ್ರ್ಯಾಕ್ ರಾಡ್. ಮೇಲಿನ ಆರ್ಮ್‌ನ ಒಳತುದಿಯಲ್ಲಿ ನಡು ತಪ್ಪಿದ ತಲೆಯ ಎಕ್ಸೆಂಟ್ರಿಕ್ ಬೋಲ್ಟ್ ಇದೆ, ಅದರಲ್ಲಿ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಗೆ ಹೊರಗೆ ವಾಲುವುದನ್ನು ತಿದ್ದುವುದು. ಕೆಳಗಿನ ಆರ್ಮ್‌ನದ್ದರಲ್ಲಿ ಟೋ, ಅಂದರೆ ಚಕ್ರದ ಮೂತಿ ಒಳಕ್ಕೆ ಹೊರಕ್ಕೆ ತಿರುಗುವುದನ್ನು. ಈ ಬೋಲ್ಟುಗಳು ಕೊಡುವ ಜಾಗ ಕೆಲವೇ ಮಿಲಿಮೀಟರ್. ಬಾಗಿದ ಆರ್ಮ್ ಹಾಗೇ ಇಟ್ಟು, ಬೋಲ್ಟನ್ನು ಕೊನೆವರೆಗೆ ತಿರುಗಿಸಿ, ಕಂಪ್ಯೂಟರ್‌ನಲ್ಲಿ ಹಸಿರು ಬಣ್ಣ ಬರಿಸಿ ಕಳಿಸುವವರು ಇದ್ದಾರೆ. ಗಾಡಿ ನಿಂತಾಗ ಲೆಕ್ಕ ಸರಿ ಇರುತ್ತದೆ. ಹೊಂಡಕ್ಕೆ ಬಿದ್ದು ಚಕ್ರ ಮೇಲೆ ಕೆಳಗೆ ಆಡಿದಾಗ ಆ ಬದಿಯ ದಾರಿಯೇ ಬೇರೆ ಆಗಿರುತ್ತದೆ. ನಮ್ಮ ರಸ್ತೆಯಲ್ಲಿ ಚಕ್ರ ಆಡದೆ ಇರುವುದು ಯಾವಾಗ? ಅಲೈನ್‌ಮೆಂಟ್ ಕೊನೆಯ ಕೆಲಸ, ಮೊದಲನೆಯದಲ್ಲ.

ಮನೆಯಲ್ಲೇ ನೀವು ಒಂದು ಅಳತೆ ತೆಗೆಯಬಹುದು. ಸ್ಟಿಯರಿಂಗ್ ನೇರ ಇಟ್ಟು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿಯಿರಿ, ಎರಡೂ ಬದಿ. ಟಿಟಿಗೆ ಅದು 2468 ಮಿ.ಮೀ. ಎಡಗಡೆ ಎಂಟು ಹತ್ತು ಮಿ.ಮೀ. ಕಮ್ಮಿ ಬಂದರೆ ಟ್ರೈಲಿಂಗ್ ಆರ್ಮ್ ಅಥವಾ ಅದು ಬಾಡಿಗೆ ಕೂರುವ ಜಾಗಕ್ಕೂ ಪೆಟ್ಟಾಗಿದೆ ಅಂತ ನಾನು ಅನುಮಾನಪಡುತ್ತೇನೆ. ಸಮ ಇದ್ದರೆ ಸ್ವಲ್ಪ ನೆಮ್ಮದಿ.

ಕಾಯಿಸಿ ನೇರ ಮಾಡುವುದು ಖಂಡಿತ ಬೇಡ. ಅದು ಒತ್ತಿ ಮಾಡಿದ ಉಕ್ಕಿನ ತಗಡು. ಕಾಯಿಸಿದ ಜಾಗ ಮೆತ್ತಗಾಗುತ್ತದೆ. ಇನ್ನೊಂದು ಪೆಟ್ಟಿಗೆ ಅಲ್ಲೇ ಮಡಚುತ್ತದೆ, ಆಗ ನೀವು ಯಾವ ತಿರುವಿನಲ್ಲಿ ಇರುತ್ತೀರೋ.

ಸಿದ್ದಾಪುರದಿಂದ ಒಬ್ಬರು:

ನಮ್ಮ ತೋಟದ ಜೀಪಿನ ಹಿಂದಿನ ಪಟ್ಟಿ ಎಷ್ಟು ಸಲ ಕುಲುಮೆಗೆ ಹೋಗಿ ಬಂದಿದೆ. ಇಪ್ಪತ್ತು ವರ್ಷದಿಂದ ಓಡುತ್ತಿದೆ. ಕಾರಿಗೆ ಮಾತ್ರ ಯಾಕೆ ಆಗಲ್ಲ?

ಉತ್ತರ:

ಸರ್, ನಿಮ್ಮ ಜೀಪಿನ ವಿಷಯ ನಿಜ. ಅಲ್ಲಿ ಹಿಂದೆ ಒಂದೇ ಗಟ್ಟಿ ಆಕ್ಸಲ್, ಎರಡು ಕಡೆ ಲೀಫ್ ಪಟ್ಟಿ. ಎಡ ಬಲ ಚಕ್ರ ಒಂದೇ ಕೊಳವೆಯಲ್ಲಿ ಕೂತಿವೆ. ಪಟ್ಟಿಯ ಬಾಗು ಸ್ವಲ್ಪ ಹೆಚ್ಚು ಕಮ್ಮಿ ಆದರೂ ಚಕ್ರದ ಮೂತಿ ಅಷ್ಟಾಗಿ ತಿರುಗುವುದಿಲ್ಲ. ಪಟ್ಟಿ ಕಟ್ಟುವವರಿಗೆ ಹದ ಹಾಕುವುದೂ ಗೊತ್ತು. ಈ ಕಾರಿನಲ್ಲಿ ಚಕ್ರವನ್ನು ಹಿಡಿದಿರುವುದೇ ಆ ನಾಲ್ಕು ಕೊಂಡಿಯ ಉದ್ದ. 18 ಇಂಚಿನ ರಿಮ್‌ನಲ್ಲಿ ಒಂದು ಡಿಗ್ರಿ ಅಂದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 8 ಮಿ.ಮೀ. ವ್ಯತ್ಯಾಸ. ಸುತ್ತಿಗೆಯಲ್ಲಿ ಆ ಲೆಕ್ಕ ಸಿಗುವುದಿಲ್ಲ.

ಪ್ರಶ್ನೆ (ಸುಂಟಿಕೊಪ್ಪ, ಎರಡು ದಿನ ಬಿಟ್ಟು):

ಅಳೆದೆ ಅಣ್ಣಾ. ಬಲ 2468, ಎಡ 2466. ಪಾರ್ಟ್ಸ್ ಹೊಸದೇ ಬೇಕಾ, ಗುಜರಿಯದ್ದು ನಡೆಯುತ್ತದಾ? ಇನ್ಶೂರೆನ್ಸ್ ಕ್ಲೈಮ್ ಮಾಡಲಾ?

ಉತ್ತರ:

2 ಮಿ.ಮೀ. ಟೇಪ್ ಹಿಡಿಯುವಾಗಲೇ ಬರುತ್ತದೆ. ಒಳ್ಳೆಯ ಸುದ್ದಿ.

ಕ್ಲೈಮ್ ಮಾಡುವುದಾದರೆ ಸರ್ವೇಯರ್ ನೋಡುವ ಮುಂಚೆ ಒಂದು ನಟ್ಟೂ ಬಿಚ್ಚಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಗಾಡಿಗೆ 10 ವರ್ಷ ದಾಟಿದರೆ ಲೋಹದ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ. ರಬ್ಬರ್, ಟೈರಿಗೆ ಯಾವಾಗಲೂ 50%. 1500 ಸಿಸಿ ಮೇಲಿನ ಕಾರಿಗೆ 2000 ರೂಪಾಯಿ ನೀವೇ ಹಾಕಬೇಕು. ನಿಮಗೆ 50% ನೋ ಕ್ಲೈಮ್ ಬೋನಸ್ ಬಂದಿದ್ದರೆ ಅದೂ ಹೋಗುತ್ತದೆ. ಎರಡೂ ಲೆಕ್ಕ ಕಾಗದದ ಮೇಲೆ ಬರೆದು ನೋಡಿ.

ಆರ್ಮ್, ಟ್ರ್ಯಾಕ್ ರಾಡ್, ಬೇರಿಂಗ್ ಹೊಸದೇ ಹಾಕಿ. ಗುಜರಿಗೆ ಆ ಗಾಡಿ ಯಾಕೆ ಬಂತು ಅಂತ ಯಾರು ಹೇಳುತ್ತಾರೆ? ಅದೂ ಬಡಿದೇ ಬಂದಿರಬಹುದು. ಟಿಟಿ ಹೆಸರು ಕೇಳಿ ಹೆದರಬೇಡಿ. ಈ ಹಿಂದಿನ ಜೋಡಣೆ ಸ್ಕೋಡಾ ಲಾರಾ, ಹಳೆಯ ಜೆಟ್ಟಾದ್ದೇ ಮನೆತನ. ಆದರೂ ಚಾಸಿ ನಂಬರ್ ಕೊಟ್ಟೇ ಆರ್ಡರ್ ಮಾಡಿ, ಕಣ್ಣಳತೆ ಬೇಡ. ಜೊತೆಗೆ ಹೊಸ ಬೋಲ್ಟ್ ತರಿಸಿ. ಇವನ್ನು ಟಾರ್ಕ್, ಅಂದರೆ ಅಳತೆಯ ಬಿಗಿ ಕೊಟ್ಟು, ಮೇಲೆ ಇಷ್ಟು ಡಿಗ್ರಿ ಅಂತ ತಿರುಗಿಸುತ್ತಾರೆ. ಒಂದು ಸಲ ಎಳೆದ ಬೋಲ್ಟ್ ಮತ್ತೆ ಬಳಸುವಂತಿಲ್ಲ.

ಉತ್ತರ (ಮುಂದಿನ ವಾರ, ಗಾಡಿ ಬಿಚ್ಚಿದ ಮೇಲೆ):

ಎಲ್ಲರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಕೆಳಗಿನ ಆರ್ಮ್‌ನಲ್ಲಿ ಸ್ಪ್ರಿಂಗ್ ಕೂರುವ ಬಟ್ಟಲಿನ ಪಕ್ಕ ಒಂದು ಮಡಿಕೆ ಸಿಕ್ಕಿತು. ಬೆರಳು ಸವರಿದರೆ ಮಾತ್ರ ಗೊತ್ತಾಗುವಷ್ಟು. ಆದರೆ ಅಲ್ಲಿ ಕಪ್ಪು ಬಣ್ಣ ಸಿಡಿದು, ಕೂದಲೆಳೆಯಷ್ಟು ತೆಳ್ಳಗೆ ಕೆಂಪು ತುಕ್ಕಿನ ಗೆರೆ ಎದ್ದಿತ್ತು. ಹೊಸ ಪೆಟ್ಟಿನ ಗುರುತು ಅದೇ. ಮಳೆಗಾಲದಲ್ಲಿ ಎರಡು ದಿನಕ್ಕೆ ತೋರಿಬಿಡುತ್ತದೆ. ಟ್ರ್ಯಾಕ್ ರಾಡನ್ನು ಗಾಜಿನ ಮೇಲೆ ಉರುಳಿಸಿದೆ, ನಡುವೆ ಬೆಳಕು ಕಾಣಿಸಿತು. ಟ್ರೈಲಿಂಗ್ ಆರ್ಮ್, ಮೇಲಿನ ಆರ್ಮ್, ಆರ್ಮ್‌ಗಳು ಕೂರುವ ಸಬ್‌ಫ್ರೇಮ್, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಚೆನ್ನಾಗಿವೆ. ರಿಮ್‌ನ ಒಳ ಅಂಚಿಗೆ ಸೋಪು ನೀರು ಹಾಕಿದಾಗ ಗುಳ್ಳೆ ಬಂತು, ಬಿರುಕು. ಅದನ್ನು ವೆಲ್ಡ್ ಮಾಡಿಸಲು ನಾನು ಒಪ್ಪಲಿಲ್ಲ.

ಟೋ ತಿದ್ದುವ ಬೋಲ್ಟ್ ಆರ್ಮ್‌ನೊಳಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ನಮ್ಮ ಕಡೆಯ ಗಾಡಿಗಳಲ್ಲಿ ಇದು ಮಾಮೂಲು. ಕಾಯಿಸಿದರೆ ಪಕ್ಕದ ರಬ್ಬರ್ ಸುಡುತ್ತದೆ ಅಂತ ಕೊಯ್ದೇ ತೆಗೆದೆ.

ಒಂದು ವಿಷಯ ಎಳೆಯ ಮೆಕ್ಯಾನಿಕ್‌ಗಳಿಗೆ. ಬಿಚ್ಚುವ ಮುಂಚೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳತೆ ಬರೆದಿಟ್ಟುಕೊಳ್ಳಿ, ಪೆಟ್ಟಾಗದ ಬದಿಯದ್ದು. ಜೋಡಿಸುವಾಗ ಬೋಲ್ಟುಗಳನ್ನು ಸಡಿಲ ಇಟ್ಟು, ಜಾಕಿಯಿಂದ ಚಕ್ರ ಕೂರುವ ಹಬ್ ಅನ್ನು ಅದೇ ಅಳತೆಗೆ ಎತ್ತಿ, ಆಮೇಲೆ ಬಿಗಿ ಮಾಡಿ. ಆರ್ಮ್ ತುದಿಯಲ್ಲಿ ಬೋಲ್ಟ್ ಕೂರುವ ರಬ್ಬರ್ ಬುಷ್ ತಿರುಗುವುದಿಲ್ಲ, ಅದರ ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ತೂಗುಬಿದ್ದಾಗ ಬಿಗಿ ಮಾಡಿದರೆ ಗಾಡಿ ನೆಲಕ್ಕೆ ಬಂದ ಕ್ಷಣದಿಂದ ಆ ರಬ್ಬರ್ ಬಿಡುವಿಲ್ಲದೆ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ಆಗ ಕಂಪನಿ ಪಾರ್ಟ್ ಸರಿ ಇಲ್ಲ ಅಂತ ಬೈಯುತ್ತೇವೆ.

ಕೊನೆಗೆ ಮೈಸೂರಿಗೆ ಒಯ್ದು ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿದೆವು. ಮೊದಲು ಹಿಂದಿನದು, ಆಮೇಲೆ ಮುಂದಿನದು. ಎಕ್ಸೆಂಟ್ರಿಕ್ ಬೋಲ್ಟುಗಳು ಹೆಚ್ಚು ಕಮ್ಮಿ ನಡುವಿನಲ್ಲೇ ನಿಂತವು. ಬಾಗಿದ್ದೇನೂ ಉಳಿದಿಲ್ಲ ಅಂತ ನಾನು ನಂಬುವುದು ಆ ಗುರುತು ನೋಡಿಯೇ.

ಪ್ರಶ್ನೆ (ಸುಂಟಿಕೊಪ್ಪ):

ಸ್ಟಿಯರಿಂಗ್ ನೆಟ್ಟಗೆ ನಿಂತಿದೆ ಅಣ್ಣಾ, ಸದ್ದೂ ಹೋಯಿತು. ತುಂಬಾ ಉಪಕಾರ ಆಯಿತು. ಬಲಗಡೆ ಆರ್ಮ್ ಕೂಡ ಬದಲಿಸಬೇಕಾ?

ಉತ್ತರ:

ಬೇಡ, ಅದರ ಬುಷ್ ಗಟ್ಟಿ ಇದೆ. ಶಾಕ್ ಅಬ್ಸಾರ್ಬರ್ ಬದಲಿಸುವ ದಿನ ಬಂದಾಗ ಮಾತ್ರ ಜೋಡಿಯಾಗಿ ಹಾಕಿ. ನೂರು ಕಿಲೋಮೀಟರ್ ಓಡಿದ ಮೇಲೆ ಒಂದು ಸಲ ಬನ್ನಿ. ಚಕ್ರದ ಬೋಲ್ಟುಗಳನ್ನು 120 ನ್ಯೂಟನ್ ಮೀಟರ್‌ಗೆ ಇಟ್ಟಿದ್ದೇನೆ, ಹೊಸ ರಿಮ್ ಅಲ್ವಾ, ಮತ್ತೊಮ್ಮೆ ನೋಡಿಬಿಡುತ್ತೇನೆ.