ಮಗನಿಗೆ ‘ಪುಲಕೇಶಿ’ ಅಂತ ಹೆಸರಿಡೋ ಆಸೆ, ಅನುಭವ ಇರುವವರು ಹೇಳಿ

ಶಿವಮೊಗ್ಗದ ಹೊಸ ಅಪ್ಪ

ಎಲ್ಲರಿಗೂ ನಮಸ್ಕಾರ. ಗಂಡು ಮಗು, ಮೂರು ತಿಂಗಳು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ನನಗೆ ಪುಲಕೇಶಿ ಅಂತ ಇಡುವ ಆಸೆ. ಹೆಂಡತಿಗೆ ಅರ್ಧ ಮನಸ್ಸು. ಅತ್ತೆಗೆ ಸುತರಾಂ ಇಷ್ಟವಿಲ್ಲ. ಚಿತ್ತಾ ನಕ್ಷತ್ರ, ಪೆ-ಪೊ-ರ-ರಿ ಅಕ್ಷರದಲ್ಲೇ ಬರಬೇಕು ಅಂತ ಹಠ. ನನಗೆ ಗೊತ್ತಿರುವವರಲ್ಲಿ ಈ ಹೆಸರಿನವರು ಒಬ್ಬರೂ ಇಲ್ಲ. ಹೆಸರಿನ ಮೂಲ ಏನು, ಯಾಕೆ ಇಷ್ಟು ಅಪರೂಪ, ದಿನನಿತ್ಯ ತೊಂದರೆ ಆಗುತ್ತಾ? ಮುಂದೆ ಕೆಲಸದ ಮೇಲೆ ಪುಣೆಗೆ ಹೋಗಬಹುದು. ಅಲ್ಲಿ ಈ ಹೆಸರು ನಡೆಯುತ್ತಾ ಅನ್ನೋದೂ ಬೇಕು.

ಅರವತ್ತೆಂಟರ ಪುಲಿಕೇಶಿ

ಮೊದಲು ಅದು ಪುಲಿಕೇಶಿ. ‘ಲಿ’. ನನ್ನ ಹೆಸರೇ ಅದು, ಹಾಗಾಗಿ ಯಾರೂ ಪಾಠ ಹೇಳೋದು ಬೇಡ.

1967ರಲ್ಲಿ ರಾಜ್‌ಕುಮಾರ್ ಅವರ ‘ಇಮ್ಮಡಿ ಪುಲಿಕೇಶಿ’ ಬಂತು, ಮರುವರ್ಷ ನಾನು ಹುಟ್ಟಿದೆ. ಅಪ್ಪ ಅಣ್ಣಾವ್ರ ಅಭಿಮಾನಿ. ಪಂಚಾಂಗ ಬಿಚ್ಚಲೇ ಇಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಡ್‌ಮೇಷ್ಟ್ರು ‘ಪುಸ್ತಕದಲ್ಲಿ ಪುಲಕೇಶಿ ಅಂತಿದೆ, ನೀವು ಸಿನಿಮಾ ನೋಡಿ ಬರೆಸ್ತಿದ್ದೀರಿ’ ಅಂತ ತಾವೇ ‘ಲ’ ಮಾಡಿಬಿಟ್ಟರು. ನನ್ನ ಗ್ರಹಚಾರ ಅಲ್ಲಿಂದ ಶುರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಲ’. ವೋಟರ್ ಐಡಿಯಲ್ಲಿ ‘ಲಿ’. ಪಹಣಿಯಲ್ಲಿ ‘ಪುಲಿಕೇಸಿ’. ಪಾಸ್‌ಬುಕ್‌ನಲ್ಲಿ ‘ಫುಲ್ ಕೇಶಿ’. ಆಣೆಗೂ ನಿಜ, ನಡುವೆ ಜಾಗ ಬಿಟ್ಟು.

ಅಪ್ಪ ತೀರಿಕೊಂಡ ಮೇಲೆ ಜಮೀನು ನನ್ನ ಹೆಸರಿಗೆ ಮಾಡಿಸೋಕೆ ಪೌತಿ ಖಾತೆಗೆ ಅರ್ಜಿ ಹಾಕಿದೆ. ಈ ನಾಲ್ಕು ಹೆಸರಿನ ಮನುಷ್ಯ ಒಬ್ಬನೇ ಅಂತ ಸಾಬೀತು ಮಾಡಿ ಅಂದರು. ನೋಟರಿಗೆ 500. ಟೈಪ್ ಮಾಡಿದವನಿಗೆ 150. ಎರಡು ಪೇಪರ್‌ನಲ್ಲಿ ಪ್ರಕಟಣೆಗೆ 3,800. ಅದರಲ್ಲೊಬ್ಬರು ‘ಪುಲೀಕೇಶಿ’ ಅಂತ ದೀರ್ಘ ಎಳೆದು ಅಚ್ಚು ಹಾಕಿದರು, ಮತ್ತೆ ಹಾಕಿಸಲು 1,400. ನಡುವೆ ಓಡಾಡಿದವನಿಗೆ ಕೊಟ್ಟದ್ದನ್ನು ಇಲ್ಲಿ ಬರೆಯಲ್ಲ. ಆದರೂ ಬಸ್ಸಿನಲ್ಲಿ ಯಾರಾದರೂ ಹೆಸರು ಕೇಳಿದರೆ ಇವತ್ತಿಗೂ ಎದೆ ಉಬ್ಬಿಸಿ ಹೇಳುತ್ತೇನೆ. ಒಮ್ಮೆ ಕೇಳಿದವರು ಮರೆಯಲ್ಲ.

ಮಲಪ್ರಭೆ ದಂಡೆಯವ

ಹಿರಿಯರೇ, ಸಿಟ್ಟು ಮಾಡಬ್ಯಾಡ್ರಿ. ಚಾಲುಕ್ಯರ ಶಾಸನಗಳಲ್ಲಿ ಪುಲಿಕೇಶಿ ಇದೆ, ಪೊಲೆಕೇಶಿಯೂ ಇದೆ. ಮೂಲದ ವಿಷಯಕ್ಕೆ ಬಂದರೆ ಪಂಡಿತರೇ ಒಮ್ಮತಕ್ಕೆ ಬಂದಿಲ್ಲ. ಫ್ಲೀಟ್ ಸಾಹೇಬರು ಕನ್ನಡದ ಪುಲಿಗೆ ಸಂಸ್ಕೃತದ ಕೇಶ ಅಂಟಿಸಿ ‘ಹುಲಿಗೂದಲಿನವ’ ಅಂದರು. ನೀಲಕಂಠ ಶಾಸ್ತ್ರಿಗಳು ‘ದೊಡ್ಡ ಸಿಂಹ’ ಅಂದರು. ಹುಲಿ ಬೇಕೋ ಸಿಂಹ ಬೇಕೋ ನೀವೇ ಆರಿಸಿಕೊಳ್ಳಿ.

ಇಬ್ಬರು ಪುಲಕೇಶಿಗಳನ್ನು ಕಲಸಬೇಡಿ. ಮೊದಲನೆಯವ ಬಾದಾಮಿ ಗುಡ್ಡಕ್ಕೆ ಕೋಟೆ ಕಟ್ಟಿಸಿದವ. ಬಂಡೆಯ ಮೇಲೆ ಶಕ 465 ಅಂತ ಬರೆಸಿದ್ದಾನೆ, ಅಂದರೆ ಕ್ರಿ.ಶ. 543. ಸಿನಿಮಾದವನು, ಪಠ್ಯಪುಸ್ತಕದವನು ಅವನ ಮೊಮ್ಮಗ ಇಮ್ಮಡಿ. ಇಮ್ಮಡಿಯ ಮೊದಲ ಹೆಸರು ಎರೆಯ, ಪಟ್ಟಕ್ಕೆ ಬಂದ ಮೇಲೆ ಅಜ್ಜನ ಹೆಸರು ಇಟ್ಟುಕೊಂಡ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಅವರ ಮಾತು ಹಿಡಿದರೆ ಪುಲಕೇಶಿ ತೊಟ್ಟಿಲ ಹೆಸರೇ ಅಲ್ಲ, ಸಿಂಹಾಸನದ ಹೆಸರು.

ಅದಕ್ಕೇ ನಾನು ಮಗನಿಗೆ ಎರೆಯ ಅಂತಲೇ ಇಟ್ಟೆ. ಶಾಲೆಯಲ್ಲಿ ಎರೆಹುಳ ಅಂತಾರೆ, ಹೌದು. ಮೀನು ಹಿಡಿಯೋಕೆ ಗಾಳಕ್ಕೆ ಹಾಕ್ತೀವಿ ಬಾ ಅಂತಾರೆ. ಅಳುತ್ತಾ ಬಂದಿದ್ದ. ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ನಿಲ್ಲಿಸಿ ‘ನಮ್ಮ ಅನ್ನ ಬರೋದು ಈ ಎರೆಯಿಂದ’ ಅಂದೆ. ಅವನ ಅವ್ವ ಮಾತ್ರ ನನ್ನ ಮ್ಯಾಲೆ ಇನ್ನೂ ಮುನಿಸಿಕೊಂಡಿದ್ದಾಳೆ.

ಹರ್ಷನ ಅಮ್ಮ

ಈ ಹೆಸರು ಇಡುವವರಿಗೆ ಒಂದು ಮಾತು. ನಿಮ್ಮ ಮಗ ಒಬ್ಬನೇ ಶಾಲೆಗೆ ಹೋಗಲ್ಲ.

ನನ್ನ ಮಗ ಹರ್ಷ. ಅವನ ಕ್ಲಾಸಿನಲ್ಲೇ ಒಬ್ಬ ಪುಲಕೇಶಿ. ಐದನೇ ಕ್ಲಾಸಿನ ತನಕ ಇಬ್ಬರೂ ಒಂದೇ ಬೆಂಚು. ಸಮಾಜದ ಪುಸ್ತಕದಲ್ಲಿ ನರ್ಮದಾ ನದಿ ದಡದಲ್ಲಿ ಪುಲಕೇಶಿ ಹರ್ಷನನ್ನು ಸೋಲಿಸಿದ ಪಾಠ ಬಂತು ನೋಡಿ, ಮುಗೀತು. ಕಬಡ್ಡಿಯಲ್ಲಿ ಸೋತರೂ ನರ್ಮದಾ, ಡಿಕ್ಟೇಷನ್‌ನಲ್ಲಿ ತಪ್ಪಾದರೂ ನರ್ಮದಾ. ಟೀಚರ್ ಕೂಡ ನಗುತ್ತಿದ್ದರಂತೆ. ಅದನ್ನೂ ಸಹಿಸಿಕೊಂಡೆ. ಆ ಹುಡುಗನ ಹುಟ್ಟುಹಬ್ಬಕ್ಕೆ ಬೀದಿಯ ಮೂಲೆಯಲ್ಲಿ ಫ್ಲೆಕ್ಸ್ ಕಟ್ಟಿಸಿದರು: ‘ಹರ್ಷನ ಹರ್ಷ ಕರಗಿಸಿದ ವೀರ ಪುಲಕೇಶಿಗೆ ಶುಭಾಶಯ’. ಕೆಳಗೆ ಹುಡುಗ ಕಿರೀಟ ಹಾಕಿಕೊಂಡ ಫೋಟೋ. ನನ್ನ ಮಗ ಆ ಬೀದಿ ಬಿಟ್ಟು ಸುತ್ತಿ ಮನೆಗೆ ಬರುತ್ತಿದ್ದ.

ಮಲಪ್ರಭೆ ದಂಡೆಯವ

ಅಕ್ಕಾರ, ಅದು ಆ ಮನೆಯವರು ಹುಟ್ಟಿಸಿದ ಮಾತಲ್ಲ. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಕವಿ ರವಿಕೀರ್ತಿ ಮಾಡಿದ ಶ್ಲೇಷೆ. ಕ್ರಿ.ಶ. 634ರದ್ದು. ಭಯದಿಂದ ಹರ್ಷನ ಹರ್ಷವೇ ಇಳಿದುಹೋಯಿತು ಅಂತ ಬರೆದಿದ್ದಾನೆ. ಅದೇ ಶಾಸನದಲ್ಲಿ ತಾನು ಕಾಳಿದಾಸ, ಭಾರವಿಗೆ ಸಮ ಅಂತಲೂ ಹೇಳಿಕೊಂಡಿದ್ದಾನೆ. ಕವಿತೆ ಅಂತ ತಗೊಳ್ಳಿ.

ಹರ್ಷನ ಅಮ್ಮ

ಫ್ಲೆಕ್ಸ್ ಕಟ್ಟಿಸಿದ್ದು ರವಿಕೀರ್ತಿ ಅಲ್ಲ ಸರ್. ಪಕ್ಕದ ಬೀದಿಯವರು.

ಚೆನ್ನೈ ಸೊಸೆ

ನಮ್ಮ ಕಥೆ ಕೇಳಿ. ನಾನು ಮಂಡ್ಯ ಕಡೆಯವಳು, ಯಜಮಾನರಿಗೆ ಚೆನ್ನೈನಲ್ಲಿ ಕೆಲಸ. ಮಗನಿಗೆ ನಮ್ಮ ತಂದೆ ಆಸೆಯಿಂದ ಪುಲಕೇಶಿ ಅಂತ ಇಟ್ಟರು. ತಮಿಳಿನಲ್ಲಿ 2006ರಲ್ಲಿ ವಡಿವೇಲು ಅವರ ‘ಇಂಸೈ ಅರಸನ್ 23ಆಂ ಪುಲಿಕೇಸಿ’ ಅಂತ ಸಿನಿಮಾ ಬಂದಿತ್ತು. ಪೆದ್ದ ರಾಜ, ಬ್ರಿಟಿಷರ ಮುಂದೆ ನಡು ಬಗ್ಗಿಸುವವನು. ಅಲ್ಲಿ ಆ ಹೆಸರು ಅಂದರೆ ಮೊದಲು ನೆನಪಾಗೋದು ಆ ಮೀಸೆ, ಆ ನಡಿಗೆ. ಡಾಕ್ಟರ್ ಹತ್ತಿರ ಹೋದರೆ ಕಾಂಪೌಂಡರ್ ಹೆಸರು ಕೂಗಿ ತಾನೇ ನಗುತ್ತಿದ್ದ. ಕಾಯುತ್ತಾ ಕೂತವರೆಲ್ಲ ತಿರುಗಿ ನೋಡೋರು. ಮಗು ಜ್ವರದಲ್ಲಿ ಮಡಿಲಲ್ಲಿ ಮಲಗಿದೆ, ಇವರಿಗೆ ನಗು.

ಶಾಲೆಯ ನಾಟಕದಲ್ಲಿ ಪಲ್ಲವರ ಕಥೆ. ಪಾತ್ರ ಹಂಚುವಾಗ ಯಾರೂ ಯೋಚನೆ ಮಾಡಲೇ ಇಲ್ಲ, ‘ನಿಜವಾದ ಪುಲಕೇಶಿ ನಮ್ಮಲ್ಲೇ ಇದ್ದಾನಲ್ಲ’ ಅಂದರು. ನರಸಿಂಹವರ್ಮ ಬಾದಾಮಿ ಸುಡುತ್ತಾನೆ, ನನ್ನ ಮಗ ಸ್ಟೇಜ್ ಮೇಲೆ ಬಿದ್ದುಕೊಂಡಿರಬೇಕು. ಬಾಡಿಗೆ ಡ್ರೆಸ್ಸಿಗೆ 850 ನಮ್ಮದೇ ದುಡ್ಡು. ಬೀಳೋಕೆ!

ಈಗ ಅವನಿಗೆ ಹದಿನೇಳು. ‘ಕೇಶ್’ ಅಂತ ತಾನೇ ಕತ್ತರಿಸಿಕೊಂಡಿದ್ದಾನೆ. ತಾತನ ಎದುರು ಮಾತ್ರ ಪುಲಕೇಶಿ.

ಅರವತ್ತೆಂಟರ ಪುಲಿಕೇಶಿ

ಅಮ್ಮಾ, ಕನ್ನಡದ ಚಕ್ರವರ್ತಿಯ ಹೆಸರನ್ನು ಕೇಶ್ ಮಾಡೋಕೆ ಬಿಟ್ಟಿದ್ದೀರಲ್ಲ. ಬೇರೆಯವರು ನಕ್ಕರೆ ನಾವು ಹೆಸರು ಬದಲಾಯಿಸಬೇಕಾ?

ಚೆನ್ನೈ ಸೊಸೆ

ಪಾಸ್‌ಬುಕ್‌ನಲ್ಲಿ ಫುಲ್ ಕೇಶಿ ಆದವರು ನನ್ನ ಮಗನ ಕೇಶ್ ಬಗ್ಗೆ ಮಾತಾಡೋದು ಬೇಡ.

ನಿವೃತ್ತ ಮೇಷ್ಟ್ರು

ಜಗಳ ಸಾಕು. ಯಾಕೆ ಅಪರೂಪ ಅಂತ ಕೇಳಿದ್ದಾರೆ, ಅದಕ್ಕೆ ಉತ್ತರ ಕೊಡುತ್ತೇನೆ. ಮೂವತ್ತೈದು ವರ್ಷ ಹಾಜರಿ ಕೂಗಿದವನು ನಾನು. 1975ರಲ್ಲಿ ‘ಮಯೂರ’ ಸಿನಿಮಾ ಬಂದ ಮೇಲೆ ಹುಟ್ಟಿದ ಮಯೂರರು ಎಂಬತ್ತರ ದಶಕದಲ್ಲಿ ನನ್ನ ಕ್ಲಾಸಿಗೆ ಸಾಲಾಗಿ ಬಂದರು. ಅದೇ ರಾಜ್‌ಕುಮಾರ್, ಅದೂ ಕನ್ನಡದ ರಾಜನದೇ ಕಥೆ. ಪುಲಕೇಶಿ ಮಾತ್ರ ಬರಲಿಲ್ಲ. ಮಯೂರ ಅಂದರೆ ನವಿಲು, ಮೂರು ಅಕ್ಷರ, ಸುಬ್ರಹ್ಮಣ್ಯನ ವಾಹನ. ಅಜ್ಜಿಗೂ ಒಪ್ಪಿಗೆ. ಪುಲಕೇಶಿಯಲ್ಲಿ ದೇವರಿಲ್ಲ, ಅರ್ಥ ಕೇಳಿದರೆ ಪಂಡಿತರೇ ಕಿತ್ತಾಡುತ್ತಾರೆ, ಮುದ್ದಿಗೆ ಕರೆಯೋಕೆ ಮೊಟಕು ಮಾಡಿದರೆ ‘ಪುಲ್ಲಿ’. ಮಕ್ಕಳು ಪುಳಿಯೋಗರೆ ಅಂತಲೂ ಕರೆಯುತ್ತಾರೆ, ತಡೆಯೋಕೆ ಆಗಲ್ಲ.

ನಾನು ನನ್ನ ಮಗನಿಗೆ ಸತ್ಯಾಶ್ರಯ ಅಂತ ಇಟ್ಟೆ. ಅದೂ ಇಮ್ಮಡಿಯದೇ ಬಿರುದು. ಎಲ್ಲರೂ ಸತ್ಯ ಅನ್ನುತ್ತಾರೆ, ಯಾರಿಗೂ ತೊಂದರೆ ಇಲ್ಲ. ಜಾಣತನ ಅಂದರೆ ಅದು.

ಭಾಗವತ ಓದಿದವ

ದೇವರಿಲ್ಲ ಅಷ್ಟೇ ಅಲ್ಲ ಮೇಷ್ಟ್ರೇ, ರಾಕ್ಷಸ ಇದ್ದಾನೆ. ಕೇಶಿ ಅಂದರೆ ಕುದುರೆ ರೂಪದಲ್ಲಿ ಬಂದು ಕೃಷ್ಣನ ಕೈಯಲ್ಲಿ ಸತ್ತವನು. ಗೀತೆಯಲ್ಲಿ ಕೃಷ್ಣನನ್ನು ಕೇಶಿನಿಷೂದನ ಅಂತ ಕರೆದಿರೋದು ಅದಕ್ಕೇ. ನಮ್ಮ ಅಣ್ಣನ ಮಗನ ನಾಮಕರಣದಲ್ಲಿ ನಾನು ಇದನ್ನೇ ಹೇಳಿ ನಿಲ್ಲಿಸಿದೆ. ಅಣ್ಣ ಒಂದು ವರ್ಷ ಮಾತು ಬಿಟ್ಟ. ಇವತ್ತಿಗೂ ನಾನು ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ. ಇನ್ನು ನಕ್ಷತ್ರ. ‘ಪು’ ಹಸ್ತದ ಮೊದಲ ಪಾದ. ಚಿತ್ತಾ ಎರಡನೇ ಪಾದಕ್ಕೆ ‘ಪೊ’. ಶಾಸನದಲ್ಲಿ ಪೊಲೆಕೇಶಿ ಇದೆ ಅಂತೀರಲ್ಲ, ಇಡೋದೇ ಆದರೆ ಅದನ್ನಿಡಿ. ಅತ್ತೆಗೂ ಸಮಾಧಾನ.

ಹರ್ಷನ ಅಮ್ಮ

ಪೊಲೆಕೇಶಿ ಅಂತ ಇಟ್ಟರೆ ಮೊದಲ ದಿನವೇ ‘ಪೋಲಿ’ ಆಗುತ್ತಾನೆ. ಅಣ್ಣನ ಮನೆ ನಾಮಕರಣ ಕೆಡಿಸಿದವರ ಸಲಹೆ ಇಷ್ಟೇ ಇರುತ್ತೆ.

ಭಾಗವತ ಓದಿದವ

ಕೆಡಿಸಲಿಲ್ಲ ತಾಯಿ, ಉಳಿಸಿದೆ. ಕೇಶವ ಅಂತ ಇಟ್ಟರು.

ಒಂಟಿ ಹೆಸರಿನವನ ಅಪ್ಪ

ಪುಲಕೇಶಿಯೋ ಪುಳಿಯೋಗರೆಯೋ, ಅದರ ಹಿಂದೆ ಇನ್ನೊಂದು ಹೆಸರು ಇಡಿ ಸ್ವಾಮಿ. ಇಷ್ಟು ಭರ್ಜರಿ ಹೆಸರಿಗೆ ಬಾಲ ಯಾಕೆ ಅಂತ ನನ್ನ ಮಗನ ಪಾಸ್‌ಪೋರ್ಟ್‌ನಲ್ಲಿ ಬರೀ ಪುಲಕೇಶಿ ಅಂತ ಮಾಡಿಸಿದ್ದೆವು. ಮನೆತನದ ಹೆಸರಿನ ಜಾಗ ಖಾಲಿ. ದುಬೈಯಲ್ಲಿ ಅಕ್ಕನ ಮನೆ ಗೃಹಪ್ರವೇಶ. 2022ರ ನವೆಂಬರ್ 21ರಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇಯವರು ಭೇಟಿ ವೀಸಾದಲ್ಲಿ ಪ್ರವೇಶ ಕೊಡಲ್ಲ ಅಂದರು. ನಮ್ಮ ಟಿಕೆಟ್ ಆ ಡಿಸೆಂಬರ್‌ದು. ಕೌಂಟರ್‌ನಲ್ಲಿ ಹುಡುಗಿ ‘ಸರ್, ಉಳಿದ ಹೆಸರು ಎಲ್ಲಿ’ ಅಂತ ಕೇಳಿದಳು. ಉಳಿದದ್ದು ಏನೂ ಇಲ್ಲಮ್ಮ, ಇಷ್ಟೇ ಅಂದೆ. ಟಿಕೆಟ್ ದುಡ್ಡು 31,400 ಹೋಯಿತು, ವಾಪಸ್ ಬಂದದ್ದು ತೆರಿಗೆಯ 2,900. ಪಾಸ್‌ಪೋರ್ಟ್ ಮತ್ತೆ ಮಾಡಿಸಲು 1,500, ತತ್ಕಾಲ್‌ಗೆ ಮೇಲೆ 2,000. ವಿಮಾನ ನಿಲ್ದಾಣದ ಟ್ಯಾಕ್ಸಿ ಎರಡೂ ಕಡೆ ದಂಡ. ಅಪ್ಪನ ಹೆಸರು ಎರಡನೇ ಪುಟದಲ್ಲಿದ್ದರೆ ಸಾಕು ಅಂತ ಆಮೇಲೆ ಯಾರೋ ಹೇಳಿದರು. ನಮ್ಮದು ಹೋದ ಮೇಲೆ.

ಸೈಬರ್ ಸೆಂಟರ್

ಇಷ್ಟೆಲ್ಲ ಪುರಾಣದ ನಡುವೆ ಬೇಕಾದ್ದು ಯಾರೂ ಹೇಳಲಿಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಅದನ್ನೇ ನೋಡುತ್ತಾರೆ. ಒಂದು ವರ್ಷದ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ 15 ವರ್ಷದ ತನಕ ಶುಲ್ಕ ಕಟ್ಟಿ ಸೇರಿಸಬಹುದು. ಆಧಾರ್‌ನಲ್ಲಿ ಹೆಸರು ತಿದ್ದೋಕೆ ಜೀವಮಾನದಲ್ಲಿ ಎರಡೇ ಅವಕಾಶ. ಕನ್ನಡದಲ್ಲಿ ‘ಲ’ನೋ ‘ಲಿ’ನೋ, ಇಂಗ್ಲಿಷ್‌ನಲ್ಲಿ ಕೊನೆಗೆ ‘ಎಸ್’ ಸಾಕೋ ‘ಎಸ್‌ಎಚ್’ ಬೇಕೋ, ಮನೆಯಲ್ಲಿ ಕೂತು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ತನ್ನಿ. ಬಾಯಲ್ಲಿ ಹೇಳಿದರೆ ಟೈಪ್ ಮಾಡುವವನಿಗೆ ಹೇಗೆ ಕೇಳುತ್ತೋ ಹಾಗೆ ಹೋಗುತ್ತೆ.

ಶಿವಮೊಗ್ಗದ ಹೊಸ ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಪುಣೆ ಬಗ್ಗೆ ಯಾರಾದರೂ ಹೇಳ್ತೀರಾ?

ಮಲಪ್ರಭೆ ದಂಡೆಯವ

ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇಮ್ಮಡಿಯ ರಾಜ್ಯವನ್ನು ಕರೆದದ್ದೇ ಮಹಾರಾಷ್ಟ್ರ ಅಂತ. ಇನ್ನೇನು ಬೇಕು?

ನಿವೃತ್ತ ಮೇಷ್ಟ್ರು

ಅವರು ಕೇಳಿದ್ದು ಏಳನೇ ಶತಮಾನದ ಪುಣೆ ಅಲ್ಲಪ್ಪ. ಅಂದಹಾಗೆ ಬೆಂಗಳೂರಿನ ಪುಲಕೇಶಿನಗರದ ಬೋರ್ಡಿನಲ್ಲೂ ‘ಲ’ ಅಂತಲೇ ಇದೆ. ಅರವತ್ತೆಂಟರವರು ಗಮನಿಸಬೇಕು.

ಅರವತ್ತೆಂಟರ ಪುಲಿಕೇಶಿ

ಆ ಏರಿಯಾದವರೇ ಅದನ್ನು ಇನ್ನೂ ಫ್ರೇಜರ್ ಟೌನ್ ಅಂತಾರೆ. ಬೋರ್ಡಿನ ಮಾತು ಬಿಡಿ. ಸೈಬರ್‌ನವರೇ, ಹಾಳೆಯಲ್ಲಿ ಬರೆದು ತನ್ನಿ ಅಂತ ಈಗ ಹೇಳ್ತೀರಿ. ನಾನು ಬರೆದೇ ಕೊಟ್ಟಿದ್ದೆ. ನಿಮ್ಮಂಥ ಒಂದು ಅಂಗಡಿಯಲ್ಲಿ ಒಂದು ಫಾರ್ಮ್‌ಗೆ 300 ತಗೊಂಡು ‘ಕೇಸಿ’ ಅಂತ ಹೊಡೆದರು.

ಸೈಬರ್ ಸೆಂಟರ್

ಸಬ್‌ಮಿಟ್ ಒತ್ತುವ ಮುಂಚೆ ಸ್ಕ್ರೀನ್ ತಿರುಗಿಸಿ ತೋರಿಸುತ್ತೇವೆ ಸರ್. ಹೂಂ ಹೂಂ ಅಂತ ಫೋನ್ ನೋಡುತ್ತಾ ಕೂರೋರು ಯಾರು? ಮತ್ತೆ 300 ಯಾರೂ ತಗೊಳ್ಳಲ್ಲ, ನಮ್ಮಲ್ಲಿ 120, ಪ್ರಿಂಟ್ ಬೇರೆ.

ಒಂಟಿ ಹೆಸರಿನವನ ಅಪ್ಪ

120 ಎಲ್ಲಿ? ಅಡ್ರೆಸ್ ಹಾಕಿ. ನಮ್ಮ ಕಡೆ 250ಕ್ಕೆ ಕಡಿಮೆ ಯಾರೂ ಮುಟ್ಟಲ್ಲ.