ಪ್ರಕಟವಾದ ಪ್ರಬಂಧದ ‘ರಿಟ್ರ್ಯಾಕ್ಷನ್’: ಹಿಂಪಡೆಯುವುದೇ, ರದ್ದೇ, ಅಸಿಂಧುವೇ?

ಎಲ್ಲರಿಗೂ ನಮಸ್ಕಾರ.

ವೈದ್ಯಕೀಯ ಸಂಶೋಧನೆಯ ಪ್ರಾಮಾಣಿಕತೆಯ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನನಗೆ ಹೆಚ್ಚು ತೊಡಕಾಗಿರುವ ಪದ ‘ರಿಟ್ರ್ಯಾಕ್ಷನ್’. ಕೃತಿಚೌರ್ಯ, ಹಿತಾಸಕ್ತಿ ಸಂಘರ್ಷ ಮುಂತಾದವು ಈಗಾಗಲೇ ನೆಲೆಯೂರಿವೆ. ಇದಕ್ಕೆ ಮಾತ್ರ ಹಿಂಪಡೆ, ಹಿಂತೆಗೆದುಕೊಳ್ಳು, ವಾಪಸ್, ರದ್ದು ಎಂದು ಒಬ್ಬೊಬ್ಬರು ಒಂದೊಂದು ಬಳಸುತ್ತೇವೆ.

ಮೊದಲು ಅರ್ಥ. ಪ್ರಕಟವಾಗಿರುವ ಪ್ರಬಂಧದ ಫಲಿತಾಂಶಗಳನ್ನು ಇನ್ನು ನಂಬುವಂತಿಲ್ಲ ಎಂದು ನಿಯತಕಾಲಿಕ ಬಹಿರಂಗವಾಗಿ ಸಾರುವುದೇ ರಿಟ್ರ್ಯಾಕ್ಷನ್. ಪ್ರಬಂಧವನ್ನು ಸಾಮಾನ್ಯವಾಗಿ ಅಳಿಸಿಹಾಕುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಮೇಲೆ ಗುರುತು ಬೀಳುತ್ತದೆ, ಕಾರಣ ತಿಳಿಸುವ ಪ್ರಕಟಣೆ ಜೊತೆಗೂಡುತ್ತದೆ. ಅದನ್ನು ಆಧರಿಸಿ ಬೇರೆಯವರು ಈಗಾಗಲೇ ಬರೆದಿರುತ್ತಾರೆ, ಔಷಧ ಕೊಟ್ಟಿರುತ್ತಾರೆ. ಸದ್ದಿಲ್ಲದೆ ತೆಗೆದುಬಿಟ್ಟರೆ ಅವರಿಗೆ ಸುದ್ದಿ ಮುಟ್ಟುವುದು ಹೇಗೆ? ಆದ್ದರಿಂದ ‘ರದ್ದು’ ನನಗೆ ಒಪ್ಪಿಗೆಯಿಲ್ಲ. ರದ್ದಾದದ್ದು ಇಲ್ಲವಾಯಿತು ಎಂಬ ಭಾವನೆ ಓದುಗರಿಗೆ ಬರುತ್ತದೆ.

‘ಹಿಂಪಡೆ’ಯ ತೊಂದರೆ ಬೇರೆ. ನಾಮಪತ್ರ ಹಿಂಪಡೆದರು, ದೂರು ಹಿಂಪಡೆದರು ಎನ್ನುವಾಗ ಕೊಟ್ಟವರೇ ವಾಪಸ್ ತೆಗೆದುಕೊಂಡರು ಎಂದೇ ಅರ್ಥ. ‘ಹಿಂತೆಗೆದುಕೊಳ್ಳು’ವಿನಲ್ಲಿರುವ ‘ಕೊಳ್ಳು’ ಆ ಸ್ವಂತಿಕೆಯನ್ನು ಇನ್ನಷ್ಟು ಒತ್ತಿ ಹೇಳುತ್ತದೆ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿ 1998ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಬಂದ ಪ್ರಬಂಧವನ್ನೇ ನೋಡಿ. 2004ರಲ್ಲಿ ಅದರ 13 ಲೇಖಕರಲ್ಲಿ 10 ಮಂದಿ ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಮುಖ್ಯ ಲೇಖಕ ಆಂಡ್ರ್ಯೂ ವೇಕ್‌ಫೀಲ್ಡ್ ಅವರಲ್ಲಿರಲಿಲ್ಲ. ಇಡೀ ಪ್ರಬಂಧದ ಮೇಲೆ ನಿಯತಕಾಲಿಕವೇ ಕ್ರಮ ಕೈಗೊಂಡದ್ದು 2010ರಲ್ಲಿ. ಈ ಎರಡಕ್ಕೂ ‘ಪ್ರಬಂಧ ಹಿಂಪಡೆಯಲಾಯಿತು’ ಎಂದು ಬರೆದರೆ ಯಾರು ಮಾಡಿದ್ದು ಎಂಬುದೇ ಮರೆಯಾಗುತ್ತದೆ. ವೇಕ್‌ಫೀಲ್ಡ್ ತಾವಾಗಿಯೇ ತಪ್ಪೊಪ್ಪಿಕೊಂಡರು ಎಂದು ಓದುಗರು ತಿಳಿಯಲೂಬಹುದು. ಲಸಿಕೆಯ ಭಯ ಇಂದಿಗೂ ಮಾಯದಿರುವಾಗ ಇದು ಸಣ್ಣ ಗೊಂದಲವಲ್ಲ.

ಲೇಖಕರೇ ಕೇಳಿಕೊಳ್ಳುವುದೂ ಉಂಟು. ಸರ್ಜಿಸ್ಫಿಯರ್ ಕಂಪನಿಯ ದತ್ತಾಂಶ ಆಧರಿಸಿದ ಎರಡು ಕೋವಿಡ್ ಪ್ರಬಂಧಗಳಿಗೆ 2020ರ ಜೂನ್‌ನಲ್ಲಿ ಆದದ್ದು ಹಾಗೆ. ಮೂಲ ದತ್ತಾಂಶವನ್ನು ಸ್ವತಂತ್ರ ಪರಿಶೀಲನೆಗೆ ಒದಗಿಸಿರಲಿಲ್ಲ. ಇನ್ನು ಕೆಲವೊಮ್ಮೆ ವಂಚನೆಯೇ ಇರುವುದಿಲ್ಲ, ಲೆಕ್ಕದಲ್ಲೋ ಪ್ರಯೋಗದಲ್ಲೋ ಆದ ಪ್ರಾಮಾಣಿಕ ತಪ್ಪನ್ನು ಲೇಖಕರೇ ಕಂಡುಹಿಡಿದು ತಿಳಿಸುತ್ತಾರೆ. ಅಂಥವರನ್ನು ಗೌರವಿಸಬೇಕು. ಆದ್ದರಿಂದ ನಮ್ಮ ಪದದಲ್ಲಿ ಕಳಂಕದ ವಾಸನೆ ಇರಬಾರದು.

ಇವನ್ನೆಲ್ಲ ಯೋಚಿಸಿದಾಗ ನನ್ನ ಮನಸ್ಸು ‘ಅಸಿಂಧು’ವಿನತ್ತ ವಾಲುತ್ತದೆ. ಅಸಿಂಧುವಾದ ಮತಪತ್ರ ಕಣ್ಣೆದುರೇ ಇರುತ್ತದೆ, ಎಣಿಕೆಗೆ ಮಾತ್ರ ಬರುವುದಿಲ್ಲ. ಮತ ಹಾಕಿದವರು ಮೋಸಗಾರರೆಂದು ಯಾರೂ ಹೇಳುವುದಿಲ್ಲ. ‘ಲೇಖಕರ ಕೋರಿಕೆಯ ಮೇರೆಗೆ ಅಸಿಂಧುಗೊಳಿಸಲಾಗಿದೆ’, ‘ಸಂಪಾದಕರು ಅಸಿಂಧುಗೊಳಿಸಿದ್ದಾರೆ’ ಎಂದು ಎರಡು ಬಗೆಯಲ್ಲೂ ಬರೆಯಬಹುದು. ಆಗ ‘ಹಿಂಪಡೆ’ಯನ್ನು, ಅಚ್ಚಿಗೆ ಮುನ್ನವೇ ಲೇಖಕರು ಹಸ್ತಪ್ರತಿ ವಾಪಸ್ ಪಡೆಯುವ ಸಂದರ್ಭಕ್ಕೆ ಉಳಿಸಿಕೊಳ್ಳಬಹುದು. ತನಿಖೆ ಮುಗಿಯುವ ಮುನ್ನ ಸಂಪಾದಕರು ಓದುಗರನ್ನು ಎಚ್ಚರಿಸುವ ಟಿಪ್ಪಣಿಗೆ ‘ಕಳವಳ ಸೂಚನೆ’ ಸಾಕೆನಿಸುತ್ತದೆ.

ಒಂದು ಅನುಮಾನ ಉಳಿದಿದೆ. ನ್ಯಾಯಾಲಯದ ಕನ್ನಡ ಬಲ್ಲವರು ದಯವಿಟ್ಟು ತಿಳಿಸಬೇಕು: ‘ಅಸಿಂಧು’ ಎಂದಾಕ್ಷಣ ಮೊದಲಿನಿಂದಲೂ ಸಿಂಧುವಾಗಿರಲಿಲ್ಲ ಎಂದೇ ಅರ್ಥವಾಗುತ್ತದೆಯೇ, ಅಥವಾ ಆದೇಶ ಬಂದ ದಿನದಿಂದ ಎಂದೂ ಆಗಬಹುದೇ? ಪ್ರಬಂಧಗಳ ವಿಷಯದಲ್ಲಿ ಮೊದಲನೆಯ ಅರ್ಥವೇ ಬೇಕು, ಏಕೆಂದರೆ ದತ್ತಾಂಶ ಕೆಟ್ಟದ್ದು ರಿಟ್ರ್ಯಾಕ್ಷನ್ ಪ್ರಕಟಣೆ ಹೊರಬಿದ್ದ ದಿನ ಅಲ್ಲ.