ಮಾವೋ ಅವರ ಮಾಸ್ಕೋ ಭೇಟಿ: ಸಿದ್ಧತೆ ಸಾಲದೆ ಹೋಯಿತೇ?

ಪ್ರಶ್ನೆ – ರಾಜ್ಯಶಾಸ್ತ್ರ ವಿದ್ಯಾರ್ಥಿನಿ, ಬಳ್ಳಾರಿ

ನಮ್ಮ ಕಾಲೇಜಿನ ವಿಚಾರ ಸಂಕಿರಣಕ್ಕಾಗಿ ಸಮಾಜವಾದಿ ಮಿತ್ರರಾಷ್ಟ್ರಗಳ ನಾಯಕರ ಭೇಟಿಗಳ ಕುರಿತು ಪ್ರಬಂಧ ಬರೆಯುತ್ತಿದ್ದೇನೆ. 1949ರ ಡಿಸೆಂಬರ್ 16ರಂದು ಮಾಸ್ಕೋ ತಲುಪಿದ ಚೀನಾದ ನಾಯಕ ಮಾವೋ ಅವರು ಸೋವಿಯತ್ ಒಕ್ಕೂಟದೊಂದಿಗಿನ ಒಪ್ಪಂದಕ್ಕಾಗಿ ಫೆಬ್ರವರಿಯವರೆಗೂ ಅಲ್ಲಿಯೇ ಉಳಿಯಬೇಕಾಯಿತು. ಸಿದ್ಧಾಂತ ಒಂದೇ ಆಗಿದ್ದ ಮೇಲೆ ಹೊರಡುವ ಮುನ್ನವೇ ಎಲ್ಲವೂ ತೀರ್ಮಾನವಾಗಿರಬೇಕಿತ್ತಲ್ಲವೇ?

ಉತ್ತರ – ನಿವೃತ್ತ ಉಪನ್ಯಾಸಕ, ರಾಯಚೂರು

ಸಿದ್ಧತೆಯೇ ಇರಲಿಲ್ಲ ಎನ್ನಲಾಗದಮ್ಮ. ಅದೇ ವರ್ಷದ ಆರಂಭದಲ್ಲಿ ಸೋವಿಯತ್ ನಾಯಕರಲ್ಲೊಬ್ಬರಾದ ಮಿಕೊಯಾನ್ ಗುಟ್ಟಾಗಿ ಚೀನಾಕ್ಕೆ ಬಂದು ಮಾವೋ ಅವರನ್ನು ಕಂಡಿದ್ದರು. ಬೇಸಿಗೆಯಲ್ಲಿ ಚೀನೀ ಕಮ್ಯುನಿಸ್ಟ್ ಪಕ್ಷದ ಹಿರಿಯ ನಾಯಕ ಲಿಯು ಶಾವೊಚಿ ಅಷ್ಟೇ ಗುಟ್ಟಾಗಿ ಮಾಸ್ಕೋಗೆ ಹೋಗಿದ್ದರು. ಆದರೆ ಮುಖ್ಯ ವಿಷಯವೇ ಇತ್ಯರ್ಥವಾಗಿರಲಿಲ್ಲ. ಚೀನಾದಲ್ಲಿ ಮಾವೋಗಿಂತ ಮೊದಲಿದ್ದ ಚಿಯಾಂಗ್ ಕೈ ಶೇಕ್ ಸರ್ಕಾರದೊಂದಿಗೆ 1945ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಮಂಚೂರಿಯಾದ ರೈಲುಮಾರ್ಗ ಹಾಗೂ ಲುಶುನ್ ನೌಕಾನೆಲೆಯ ಮೇಲೆ ಸೋವಿಯತ್ ಒಕ್ಕೂಟಕ್ಕೆ ಹಕ್ಕು ದೊರೆತಿತ್ತು. ಅದರ ಬದಲಿಗೆ ಹೊಸ ಒಪ್ಪಂದವಾಗಬೇಕೆಂಬುದು ಮಾವೋ ಅವರ ಬಯಕೆ. ಆ ಹಳೆಯ ಒಪ್ಪಂದವನ್ನು ಮುಟ್ಟಿದರೆ, 1945ರ ಯಾಲ್ಟಾ ಸಭೆಯಲ್ಲಿ ಅಮೆರಿಕ ಮತ್ತು ಬ್ರಿಟನ್ ಒಪ್ಪಿ ಸೋವಿಯತ್ ಒಕ್ಕೂಟಕ್ಕೆ ದಕ್ಕಿದ ಕುರಿಲ್ ದ್ವೀಪಗಳ ಪ್ರಶ್ನೆಯನ್ನೂ ಆ ದೇಶಗಳು ಕೆದಕಬಹುದೆಂದು ಸ್ಟಾಲಿನ್ ಮೊದಲ ಭೇಟಿಯಲ್ಲೇ ಹಿಂಜರಿದರು. ಡಿಸೆಂಬರ್ 21ರ ಸ್ಟಾಲಿನ್ ಅವರ ಎಪ್ಪತ್ತನೆಯ ಹುಟ್ಟುಹಬ್ಬವು ಪ್ರಯಾಣಕ್ಕೆ ಒಳ್ಳೆಯ ನೆಪವಾಯಿತೇ ಹೊರತು ಮಾತುಕತೆಯ ಕಾರ್ಯಸೂಚಿಯಾಗಲಿಲ್ಲ. ಕೊಡುಕೊಳ್ಳುವ ಮಾತು ಮುಗಿಸದೆ ನಿಶ್ಚಿತಾರ್ಥಕ್ಕೆ ಹೊರಟಂತಾಯಿತು ಎನ್ನೋಣ.

ಉತ್ತರ – ಕೊಪ್ಪಳದ ಓದುಗ

ಗುರುಗಳ ಮಾತಿಗೆ ಒಂದು ಸೇರ್ಪಡೆ. ನಿಯೋಗದಲ್ಲಿ ಯಾರಿದ್ದರು ಎಂಬುದನ್ನು ನೋಡಿದರೆ ಸಿದ್ಧತೆಯ ಮಟ್ಟ ತಿಳಿಯುತ್ತದೆ. ಚೀನಾದ ಪ್ರಧಾನಿಯೂ ವಿದೇಶಾಂಗ ಸಚಿವರೂ ಆಗಿದ್ದ ಚೌ ಎನ್‌ಲಾಯ್ ಮೊದಲು ಹೋಗಿರಲೇ ಇಲ್ಲ. ಜನವರಿಯಲ್ಲಿ ಸ್ಟಾಲಿನ್ ಮನಸ್ಸು ಬದಲಿಸಿದ ಮೇಲೆ ಅವರನ್ನು ಕರೆಸಿಕೊಳ್ಳಲಾಯಿತು; ಕೈಗಾರಿಕೆ ಮತ್ತು ವ್ಯಾಪಾರ ಬಲ್ಲ ಅಧಿಕಾರಿಗಳೊಂದಿಗೆ ಅವರು 20ರಂದು ಮಾಸ್ಕೋ ತಲುಪಿದರು. ಅಲ್ಲಿಂದ ಒಂದು ತಿಂಗಳೂ ಬೇಕಾಗಲಿಲ್ಲ: 1950ರ ಫೆಬ್ರವರಿ 14ರಂದು 30 ವರ್ಷಗಳ ಒಪ್ಪಂದಕ್ಕೆ ಅವರೂ ಸೋವಿಯತ್ ವಿದೇಶಾಂಗ ಸಚಿವ ವಿಶಿನ್‌ಸ್ಕಿಯವರೂ ಸಹಿ ಹಾಕಿದರು. ಜೊತೆಗೆ ಶೇಕಡಾ 1ರ ಬಡ್ಡಿಯಲ್ಲಿ 30 ಕೋಟಿ ಡಾಲರ್ ಸಾಲವೂ ದೊರೆಯಿತು. ಕರಡು ತಿದ್ದಬಲ್ಲವರು ಮೊದಲೇ ಜೊತೆಗಿದ್ದಿದ್ದರೂ ಸ್ಟಾಲಿನ್ ಒಪ್ಪುವವರೆಗೆ ಅವರು ಸುಮ್ಮನೆ ಕೂರಬೇಕಾಗುತ್ತಿತ್ತು ಎಂಬುದೂ ನಿಜವೇ.

ಉತ್ತರ – ಸಿಂಧನೂರಿನಿಂದ

ದೀರ್ಘ ವಾಸ್ತವ್ಯವೆಲ್ಲ ಸಿದ್ಧತೆಯ ಕೊರತೆಯಲ್ಲ ಎಂಬುದನ್ನೂ ಪ್ರಬಂಧದಲ್ಲಿ ಸೇರಿಸಿರಿ. 1963ರ ಏಪ್ರಿಲ್‌ನಲ್ಲಿ ಹೋದ ಕ್ಯೂಬಾದ ನಾಯಕ ಕ್ಯಾಸ್ಟ್ರೊ ಒಂದು ತಿಂಗಳಿಗೂ ಹೆಚ್ಚು ಕಾಲ ಸೋವಿಯತ್ ಒಕ್ಕೂಟದಲ್ಲಿ ಸಂಚರಿಸಿದರು. ಹಿಂದಿನ ವರ್ಷ ತಮ್ಮನ್ನು ಕೇಳದೆಯೇ ಸೋವಿಯತ್ ಒಕ್ಕೂಟವು ಕ್ಯೂಬಾದಿಂದ ತನ್ನ ಕ್ಷಿಪಣಿಗಳನ್ನು ಹಿಂತೆಗೆದುಕೊಂಡದ್ದಕ್ಕೆ ಅವರು ಕೆರಳಿದ್ದರು. ಆ ಮುನಿಸನ್ನು ತಣಿಸಲು ಅಂದಿನ ಸೋವಿಯತ್ ನಾಯಕ ಕ್ರುಶ್ಚೇವ್ ಬೇಕೆಂದೇ ಅಷ್ಟು ಉದ್ದದ ಉಪಚಾರವನ್ನು ಏರ್ಪಡಿಸಿದ್ದರು.